ಆರು ಮೀನು

ಏಳು ವರ್ಷ ಹುಡುಕಿದ ಮೇಲೆ ಗ್ರೋನಿಂಗೆನ್ನಿನ
ಮುದಿ ಅಂಚೆಯವನ ನೆಲಮಾಳಿಗೆಯಲ್ಲಿ ಸಿಕ್ಕವು, ಆರು.
ರೈಲಿನಲ್ಲಿ ಪೆಟ್ಟಿಗೆ ತೊಡೆಯ ಮೇಲೆ,
ಪ್ರತಿ ನಿಲ್ದಾಣದಲ್ಲೂ ಕೈಯಿಟ್ಟು ಬಿಸಿ ನೋಡಿದೆ,
ಜ್ವರದ ಮಗುವಿಗೆ ನೋಡುವಂತೆ.

ಹುಟ್ಟಿದ ಸರೋವರದಲ್ಲಿ ಇವಿಲ್ಲ ಈಗ.
ಇರುವುದು ನನ್ನ ನಾಲ್ಕಡಿ ಗಾಜಿನಲ್ಲಿ,
ಕರೆಂಟು ಬಿಲ್ಲಿನ ಕೃಪೆಯಲ್ಲಿ.

ಮೇಲ್ಮನೆಯ ನ್ಯಾಮಿಜಿ ಬೀಗದಕೈ ಕೊಡಲು ಬಂದವಳು
ಗಾಜಿಗೆ ಮೂಗೊತ್ತಿ ನಿಂತಳು.
ಲ್ಯಾಟಿನ್ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದೆ.
“ಫುರು,” ಅಂದಳು.
“ಮ್ವಾಂಜಾದಲ್ಲಿ ಅಜ್ಜಿ ಬಂಡೆ ಮೇಲೆ ಒಣಹಾಕುತ್ತಿದ್ದಳು,
ಕಾಗೆ ಕಾಯೋದು ನನ್ನ ಪಾಲು.
ಬರೀ ಮುಳ್ಳು. ಸಾರಿಗೆ ಮಾತ್ರ ರುಚಿ.”

ಅಷ್ಟರಲ್ಲಿ ಒಂದು ತಾಯಿ ಬಾಯಿಬಿಟ್ಟಿತು,
ಉದುರಿದವು ಹನ್ನೊಂದೋ ಹನ್ನೆರಡೋ ಕಣ್ಣು.
ಎಣಿಸಲು ಬಾಗಿದೆ. ನನ್ನ ನೆರಳು ನೀರಿಗೆ ಬಿತ್ತು.
“ಹುಶ್!” ಎಂದಳು ನ್ಯಾಮಿಜಿ, ನನಗೇ.
ಮರಿಗಳು ಮತ್ತೆ ಬಾಯೊಳಗೆ.