ಕಪ್ಪು ಕಿಟಕಿ

ಮಂಗಳೂರು ಬಂದರಿನ ದಕ್ಕೆ ಕಾಣುವ ಮೂರನೇ ಮಾಳಿಗೆ.
ಹಿಲ್ಡಾ ಮೇಡಂ ಹೇಳಿದರು:
"ಮೌಸ್ ಬಿಡು ಮಾರಾಯ, ಕಪ್ಪು ಕಿಟಕಿ ತೆರೆ.
ಅರ್ಧ ಹೆಸರು ಬರೆದು ಟ್ಯಾಬ್ ಒತ್ತು,
ಉಳಿದದ್ದು ಅದಕ್ಕೇ ಗೊತ್ತುಂಟು.
ಪೈಪ್ ಅಂದರೆ ಕೆಳಗೆ ನೋಡು,
ದೋಣಿಯಿಂದ ಬುಟ್ಟಿ, ಕೈಯಿಂದ ಕೈಗೆ;
ಗ್ರೆಪ್ಪಿನವಳು ಬಂಗುಡೆ ಮಾತ್ರ ಹೆಕ್ಕುತ್ತಾಳೆ.
ಆರೆಮ್ಮಿಗೆ ಮೊದಲು ಎಲ್ಲೆಸ್.
ಇಲ್ಲಿ ಕಸದಬುಟ್ಟಿ ಇಲ್ಲ,
ಅಳಿವೆ ದಾಟಿದ್ದು ದಾಟಿತು."

ಕಲಿತೆ. ಒಂದು ಶನಿವಾರ ಮಾತ್ರ
ಸ್ಪೇಸ್ ಒಂದು ಹೆಚ್ಚಾಗಿ
ಆರು ತಿಂಗಳ ಲೆಕ್ಕ ಹೋಯಿತು.

ಬೈಯಲಿಲ್ಲ. ತನ್ನ ಯಂತ್ರದಲ್ಲಿ
ಹಿಸ್ಟರಿ ತೆರೆದು ಮೇಲೆ ಮೇಲೆ ಹೋದರು:
ಸಾಲು ಎಂಟುನೂರ ಹನ್ನೆರಡು,
ಅದೇ ಆರೆಮ್, ಅದೇ ಸ್ಪೇಸ್.

"ಇದನ್ನು ಅಳಿಸಿಲ್ಲ," ಅಂದರು.
ಅವರ ಕೀಬೋರ್ಡಿನ ಮೇಲ್ಬಾಣ
ಸವೆದು ಬೋಳಾಗಿತ್ತು.