ಳಿ

ಬೆಟಗೇರಿ ರೈಲ್ವೆ ಗೇಟ್ ದಾಟಿದ ಮ್ಯಾಲೆ, ಎಡಕ್ಕ,
ಒಂದು ತಗಡಿನ ಬೋರ್ಡ್ ಐತ್ರಿ, ನೋಡಿರಬೇಕು.
ಶಾವಂತ್ರೆವ್ವ ಬರದದ್ದು. ತನ್ನ ಖಾನಾವಳಿಗೆ ತಾನ.
ಬಾಗಿಲಿಗೆ ಬಳದು ಉಳಿದ ನೀಲಿ ಬಣ್ಣ,
ಬ್ರಷ್ ಅಂದ್ರ ಬೇವಿನ ಕಡ್ಡಿಗೆ ಸುತ್ತಿದ ಅರಿವಿ.

ನಗಾಕ ಹೋಗಿದ್ದೆ ನಾನು. ಸುಳ್ಳ್ಯಾಕ ಹೇಳ್ಲಿ.
ಮೂವತ್ತೊಂದು ವರ್ಷ ಈ ಕೈ
ಟಾಕೀಜು, ಟ್ರ್ಯಾಕ್ಟರು, ಸೊಸಾಯಟಿ, ಹತ್ತಿ ಮಿಲ್ಲು,
ಗದಗದಾಗ ಅರ್ಧ ಮಂದಿ
ನದಾಫ ಆರ್ಟ್ಸಿನ ಅಕ್ಷರ ನೋಡೇ ಓದಾಕ ಕಲತಾರ.
ಮೊದಲ ಸುಣ್ಣದ ದಾರ ಹಿಡದು ಗೆರಿ ಹೊಡೀಬೇಕು,
ಅಕ್ಷರ ಎಣಿಸಬೇಕು, ಜಾಗಾ ಹಂಚಬೇಕು,
ಆಮ್ಯಾಲೆ ಡಬ್ಬಿ ಮುಚ್ಚಳಾ ತೆಗೀಬೇಕು.
ಆಕಿ ಮೊದಲಿಗೇ ಮುಚ್ಚಳಾ ತಗದಾಳ.

ಖಾ ಅನ್ನೂದು ಎಮ್ಮಿಯಷ್ಟು.
ನಾ ಅದಕ್ಕಿಂತ ಸಣ್ಣದು. ವ ಬರೂದ್ರಾಗ
ತಗಡು ಮುಗ್ಯಾಕ ಬಂದೈತಿ, ತಲಕಟ್ಟು
ಗಾಳಿಗೆ ಜಾರಿದ ಸೆರಗಿನಂಗ ಹಿಂದಕ್ಕ ಬಿದ್ದೈತಿ.
ಇನ್ನ ಳಿಗೆ ಜಾಗಾ ಎಲ್ಲಿ?
ಕೆಳಗ ಇಳಿಸಿ ಮೂಲ್ಯಾಗ ಕುಂದರಸ್ಯಾಳ.

ಅಲ್ಲೇ ನನ್ನ ನಗಿ ನಿಂತದ್ದು.
ಅದು ಖರೇನ ಕುಂತಿತ್ತು,
ಊಟಕ್ಕ ಎಲಿ ಮುಂದ ಕುಂತ ಮನಿಷ್ಯಾನಂಗ.
ಮಡಚಿದ ಕಾಲು, ಬಾಗಿದ ಬೆನ್ನು,
ಮ್ಯಾಲಿನ ಗುಡಿಸು ತುತ್ತಿಗೆ ಬಗ್ಗಿದ ತಲಿ.
ಕಣ್ಣಾಗ ಕಂಪಾಸ್ ಇಟ್ಟು ನೋಡಿದೆ: ಎಲ್ಲೂ ಸರಿ ಇಲ್ಲ.
ಎಲ್ಲೂ ತಪ್ಪೂ ಇಲ್ಲ.

ರಾತ್ರಿ ಮನಿಯಾಗ ಹಳೇ ಪೇಪರ್ ಹಾಸಿ ಬರದೆ.
ಹನ್ನೊಂದು ಳಿ. ಹನ್ನೊಂದೂ ನೆಟ್ಟಗ,
ಬ್ಯಾಂಕಿನ್ಯಾಗ ಪಾಳಿ ಹಚ್ಚಿದಂಗ.
"ಚಲೋ ಅದಾವಲ್ಲ?" ಅಂದ್ಲು ಹುಸೇನಬಿ.
ಚಲೋ ಅದಾವ. ಅದ ತ್ರಾಸು.

ಹೋದ ವರ್ಷ ಫ್ಲೆಕ್ಸ್ ಅಂಗಡಿ ಹುಡುಗ ಕೇಳಿದ್ದ,
"ಕಾಕಾ, ಇನ್ನೂ ಬರೀತೀರೇನು, ಹವ್ಯಾಸಕ್ಕ?"
ಬೀಡಿ ಹಚಗೊಂಡು ಸುಮ್ಮನಿದ್ದೆ ಅವತ್ತು.

ಮರುದಿನ ಊಟಕ್ಕ ಹೋದೆ. ಆಕಿ ಹಿಟ್ಟು ನಾದಿ
ರೊಟ್ಟಿ ಬಡ್ಯಾಕ ಹತ್ತಿದ್ಲು. ದಿನಕ್ಕ ಮುನ್ನೂರು,
ಇಪ್ಪತ್ತು ವರ್ಷ. ಅಂಗೈ ಹೇಳಿದಂಗ ಹಿಟ್ಟು ತಿರಗತಿತ್ತು,
ಆ ಳಿಯ ಬೆನ್ನು ನನಗ ಅಲ್ಲಿ ಕಂಡಿತು.
ಹಂಗಾದ್ರ ಇದು ಹವ್ಯಾಸ ಹ್ಯಾಂಗಾತು?
ದುಂಡಗ ಮಾಡೂದ್ರಾಗ ಆಕಿ ನನಗಿಂತ ಹಳೇ ಕಸಬುದಾರಳು.

"ಇನ್ನೊಮ್ಮೆ ಬರದು ತೋರಸವ್ವಾ" ಅಂದೆ.
ಪರಾತದಾಗಿನ ಹಿಟ್ಟಿನ್ಯಾಗ ಬೆರಳಾಡಿಸಿದ್ಲು.
ಬರಲಿಲ್ಲ. ಅಳಿಸಿದ್ಲು. ಮತ್ತೂ ಬರಲಿಲ್ಲ.
"ಅವತ್ತ ಬಂದಿತ್ರಿ ಸಾಬ್ರ, ಇವತ್ತ ಒಲ್ಲೆ ಅಂತೈತಿ."
ನಕ್ಕು, ಹಿಟ್ಟು ಸವರಿ, ಮುಂದಿನ ರೊಟ್ಟಿಗೆ ಕೈ ಹಾಕಿದ್ಲು.

ಆಮ್ಯಾಲೆ ತಾನ ಕೇಳಿದ್ಲು:
"ಪಾರ್ಸಲ್ ಸಿಗತೈತಿ ಅಂತ ಬರಕೊಡ್ರಿ.
ಆ ಅರ್ಕಾವತ್ತು ನನ್ನ ಕೈಗೆ ಬಗ್ಗವಲ್ದು."
ನಲವತ್ತು ನಿಮಿಷ. ದಾರ, ಗೆರಿ, ಕೆಂಪು, ಕರಿ ನೆಳ್ಳು.
ಜ್ವರ ಬಂದ್ರೂ, ಮನಿಯಾಗ ಜಗಳಾಡಿ ಬಂದ್ರೂ
ಇದು ಹಿಂಗ ಬರತೈತಿ ನನ್ನ ಕೈಯಾಗ.
ಮಂದಿ ಓದತಾರ, ಪಾರ್ಸಲ್ ಒಯ್ಯತಾರ.
ಯಾರೂ ನಿಂತು ನೋಡೂದಿಲ್ಲ.

ನಾನು ನಾನೂರು ಹೇಳಿದೆ. ಎಣಿಸಿ ಕೊಟ್ಲು.
ಆಕಿ ಊಟಕ್ಕ ಎಪ್ಪತ್ತು ಅಂದ್ಲು. ನಾನೂ ಕೊಟ್ಟೆ.
ಚಿಲ್ರಿ ಇಲ್ಲಂತ ಹತ್ತು ರೂಪಾಯಿ ಬಾಕಿ ಐತಿ.
ಅದರ ನೆವಕ್ಕ ನಾಳೆ ಹೋಗಬೇಕು.