ರಮ್ಮಿನ ಲೆಕ್ಕ

ಅಕ್ಟೋಬರ್ ಬಂತೆಂದರೆ ಮನಾಮದ ಈ ಹೋಟೆಲಿನ
ನೆಲಮಾಳಿಗೆಯಲ್ಲಿ ಕ್ರಿಸ್ಮಸ್ ಶುರು.
ಹೊರಗಿನ್ನೂ ಅಂಗಿ ಬೆನ್ನಿಗಂಟುವ ಸೆಕೆ,
ಒಳಗೆ ಹದಿನೆಂಟು ಕಿಲೋ ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ
ನೆನೆಯಲು ಕಾದು ಕೂತಿವೆ,
ಮದುವೆಮನೆಯ ಮೊದಲ ಪಂಕ್ತಿಯವರ ಹಾಗೆ.

ರಮ್ಮು ಯಾರು ಸುರಿಯುವುದು?
ಉಳ್ಳಾಲದ ಮೊಯ್ದಿನ್ ಮುಟ್ಟುವುದಿಲ್ಲ.
ಶೆಫ್ ತಾಮೆರ್ ಮುಟ್ಟುವುದಿಲ್ಲ.
ಅವರದು ಒಂದೇ ಶಬ್ದದಲ್ಲಿ ಮುಗಿಯುವ ಕಾರಣ,
ಯಾರೂ ಎರಡನೇ ಸಲ ಕೇಳುವುದಿಲ್ಲ.
ನನ್ನದು ಹಾಗಲ್ಲ.
"ಬುಜಾರಿ, ನಿನಗೇನು ಅಡ್ಡಿ?" ಎಂದು
ಬೀಗದ ಕೈ ನನ್ನ ಅಂಗೈಗೆ ಹಾಕುತ್ತಾನೆ ಶೆಫ್.
ಪೂಜಾರಿಯ 'ಪ' ಅವನ ನಾಲಿಗೆಯಲ್ಲಿ ನಿಲ್ಲುವುದಿಲ್ಲ.
ಅಡ್ಡಿ ಇದೆ ಅನ್ನಬೇಕೆಂದು ಬಾಯಿ ತೆರೆದು
ಮೂರು ವರ್ಷ ಎರಡು ತಿಂಗಳಾಯಿತು.

ರಿಜಿಸ್ಟರಿನಲ್ಲಿ ಬರೆಯಬೇಕು: ತಾರೀಕು, ಹೊತ್ತು,
ಎಷ್ಟು ಎಂ.ಎಲ್., ಯಾತಕ್ಕೆ, ರುಜು.
ಆಗಲೇ ಇಂಥದೊಂದು ಪುಸ್ತಕ ನನ್ನ ಹತ್ತಿರ ಇದ್ದಿದ್ದರೆ
'ಯಾತಕ್ಕೆ' ಎಂಬಲ್ಲಿ ಏನು ತುಂಬುತ್ತಿದ್ದೆ?
ಮೈಕೈ ನೋವು. ಶುಕ್ರವಾರ.
ಊರಿಂದ ಫೋನು ಬಂತು.
ಊರಿಂದ ಫೋನು ಬರಲಿಲ್ಲ.

ಮೊದಲ ವರ್ಷ ಮೂಗಿಗೆ ಮಾಸ್ಕ್ ಕಟ್ಟಿದೆ,
ಹಿಟ್ಟಿನ ಧೂಳಿಗೆ ಅಲರ್ಜಿ ಅಂದೆ.
ಈಗ ಹಾಗೇ ಸುರಿಯುತ್ತೇನೆ.
ವಾಸನೆ ಬರುತ್ತದೆ. ಬರಲಿ.
ಸಾಲ ಕೊಟ್ಟವನು ಬಸ್‌ಸ್ಟ್ಯಾಂಡಿನಲ್ಲಿ ಎದುರಾದ ಹಾಗೆ
ಮುಖ ನೋಡುತ್ತೇನೆ, ನಡಿಗೆ ನಿಲ್ಲಿಸುವುದಿಲ್ಲ.
ರುಚಿ ನೋಡುವುದು ರೋವೆನಾ.
ಬೆರಳು ಅದ್ದಿ, ಒಂದು ಕಣ್ಣು ಮುಚ್ಚಿ,
"ಇನ್ನೊಂದಿಪ್ಪತ್ತು" ಅನ್ನುತ್ತಾಳೆ, "ಸಾಕು" ಅನ್ನುತ್ತಾಳೆ.
ನೀನೇ ಯಾಕೆ ನೋಡಬಾರದು ಎಂದು ಅವಳೂ ಕೇಳಿಲ್ಲ.

ಬಾಣಲೆಯ ಮೇಲೆ ನೀಲಿ ಬೆಂಕಿ ಎದ್ದಾಗ
ಹೊಸ ಹುಡುಗ ದಿಲ್‌ಬಹಾದುರ್ ಹೇಳಿದ,
"ಬಿಸಿಗೆ ಎಲ್ಲಾ ಹಾರಿಹೋಗುತ್ತದಲ್ಲ ಅಣ್ಣಾ."
ಎಲ್ಲಾ ಹೋಗುವುದಿಲ್ಲ ಮಾರಾಯ.
ಎಷ್ಟು ಬೇಯಿಸಿದರೂ ಸ್ವಲ್ಪ ಉಳಿಯುತ್ತದೆ.

ಹೆಜಮಾಡಿಯಲ್ಲಿ ಅಪ್ಪನದು ಮೂರ್ತೆ ಕೆಲಸ.
ಬೆಳಿಗ್ಗೆ ಸಂಜೆ ತಾಳೆಮರ. ಇಳಿಸಿದ್ದು ಕೊಡಗಟ್ಟಲೆ,
ನಾಲಿಗೆಗೆ ಮುಟ್ಟಿಸಿದ್ದು ಕಾಣೆ.
"ಹತ್ತುವವ ಕುಡಿದರೆ ಇಳಿಯುವುದು ಒಂದೇ ಸಲ"
ಎನ್ನುತ್ತ ಸೊಂಟಕ್ಕೆ ಕತ್ತಿ ಸಿಕ್ಕಿಸುತ್ತಿದ್ದ.
ನಾನು ಮರ ಹತ್ತಲಿಲ್ಲ,
ವಿಮಾನ ಹತ್ತಿದೆ.

ರಮ್ಮಿಗೆ ಬೀಗವಿದೆ, ಪುಸ್ತಕವಿದೆ, ಮೇಲೊಂದು ಕ್ಯಾಮೆರಾ.
ರಮ್ಮಿನ ಮಾತು ಬಿಡಿ.
ಆ ರಂಜಾನಿನಲ್ಲಿ ಬಾರುಗಳೆಲ್ಲ ಮುಚ್ಚಿದ್ದಾಗ,
ಹದಿನೇಳನೆಯ ರಾತ್ರಿ,
ಸಕ್ಕರೆ ಮೂಟೆಗಳ ಹಿಂದೆ ಕುಕ್ಕರುಗಾಲಲ್ಲಿ ಕೂತು
ನಾನು ಕುಡಿದದ್ದು ವೆನಿಲ್ಲಾ ಎಸೆನ್ಸು.
ಎರಡು ಬಾಟಲಿ. ಮುಚ್ಚಳದ ತಳವನ್ನೂ ನೆಕ್ಕಿದೆ.
ಸಹರಿಗೆಂದು ಎದ್ದ ಮೊಯ್ದಿನ್
ಕಂಕುಳಿಗೆ ಕೈಹಾಕಿ ಎಳೆದು ನಲ್ಲಿಯ ಕೆಳಗೆ ಹಿಡಿದ.
"ಐಸ್‌ಕ್ರೀಮಿನ ವಾಸನೆ ಬರ್ತದೆ ನಿನ್ನ ಬಾಯಿ, ಪೂಜಾರಿ."
ನಗಲಿಲ್ಲ.
ಆ ದಿನ ನೀರೂ ಕುಡಿಯದೆ ಉಪವಾಸ ಹಿಡಿದ.
ಸಹರಿಯ ಹೊತ್ತು ನನ್ನನ್ನು ತೊಳೆಯುವುದರಲ್ಲೇ ಕಳೆದಿತ್ತು.

ಅಂದಿನಿಂದ ವೆನಿಲ್ಲಾ ಅವನ ಸ್ವಂತ ಕಪಾಟಿನಲ್ಲಿ.
ಬೇಕೆಂದರೆ ಕೂಗಬೇಕು.
ಅದರೊಳಗೆ ಏನಿದೆಯೆಂದು ಇಬ್ಬರಿಗೂ ಗೊತ್ತು,
ರಮ್ಮಿನ ಬಾಟಲಿಯಿಂದ ಮಾರು ದೂರ ನಿಲ್ಲುವವ
ಇದನ್ನು ಮಾತ್ರ ಕೈಯಾರೆ ಅಳೆಯುತ್ತಾನೆ.
ಯಾಕೆಂದು ನಾನು ಕೇಳಿಲ್ಲ. ಇದಕ್ಕೆ ರಿಜಿಸ್ಟರೂ ಇಲ್ಲ.

ಇವತ್ತೂ ಕೂಗಿದೆ.
ಅಂಚಿನವರೆಗೆ ತುಂಬಿದ ಚಮಚ ಹಿಡಿದು
ಓವನ್ನಿನ ಬಾಗಿಲು, ಟ್ರೇಗಳ ಗಾಡಿ,
ಈಗಷ್ಟೇ ಒರೆಸಿದ ಒದ್ದೆ ನೆಲ ದಾಟಿ
ಬರುತ್ತಿದ್ದಾನೆ, ಕಣ್ಣು ಚಮಚದಿಂದ ಕೀಳದೆ.
ನಾನು ಪಾತ್ರೆಯನ್ನು ಸ್ವಲ್ಪ ಮುಂದಕ್ಕೆ ಚಾಚಿದೆ.